ಲ್ಯಾಪ್‌ಟಾಪ್ ನಿಧಾನ ಅಂತ ಹೊಸದು ಕೊಳ್ಳುವ ಮೊದಲು: ಶ್ರೀನಿವಾಸಪುರದ ಅಣ್ಣನಿಗೆ ಉತ್ತರ

ಅಣ್ಣಾ, ಲ್ಯಾಪ್‌ಟಾಪ್ ತುಂಬಾ ನಿಧಾನ, ಏನು ಮಾಡಲಿ ಅಂತ ನಮ್ಮ ರೈತರ ಗುಂಪಿನಲ್ಲಿ ನೀವು ಹಾಕಿದ ಪೋಸ್ಟ್ ಬೆಳಿಗ್ಗೆಯೇ ನೋಡಿದೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಮುಗಿಸಿ ಈಗ ಕೂತಿದ್ದೇನೆ. ಅಷ್ಟರಲ್ಲಿ ಅರ್ಧ ಗುಂಪು ಬಂದು "ಹೊಸದು ತಗೊಳ್ಳಿ", "ಫಾರ್ಮ್ಯಾಟ್ ಹೊಡೆಸಿ", "ಆಂಟಿವೈರಸ್ ಹಾಕಿ" ಅಂತ ಹೇಳಿ ಹೋಗಿದೆ. ಒಬ್ಬರೂ ನಿಮ್ಮನ್ನು ವಾಪಸ್ ಒಂದು ಪ್ರಶ್ನೆ ಕೇಳಿಲ್ಲ. ಟೊಮೆಟೊ ಎಲೆಯ ಫೋಟೋ ಹಾಕಿ "ಏನು ರೋಗ" ಅಂದರೆ ಇದೇ ಗುಂಪಿನಲ್ಲಿ ಎಷ್ಟು ದಿನದ ಗಿಡ, ಯಾವ ತಳಿ, ಕೊನೆಗೆ ಏನು ಔಷಧ ಹೊಡೆದಿರಿ ಅಂತ ಹತ್ತು ಪ್ರಶ್ನೆ ಬರುತ್ತವೆ. ಕಂಪ್ಯೂಟರ್ ವಿಷಯ ಬಂದರೆ ಮಾತ್ರ ಸೀದಾ ಗಿಡ ಕಿತ್ತು ಬಿಸಾಕಿ ಅಂತಾರೆ.

ನಾನು ಊರಿಗೆ ಬಂದು ಹಿಪ್ಪುನೇರಳೆ ಹಾಕುವ ಮೊದಲು ಆರು ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಈಗಲೂ ಚಿಂತಾಮಣಿ ಸುತ್ತಮುತ್ತಲಿನವರು ತಂದು ಕೊಡುತ್ತಾರೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ನೀವು ಬರೆದದ್ದು ಇಷ್ಟು: 2017ರಲ್ಲಿ ಕೊಂಡ ಲ್ಯಾಪ್‌ಟಾಪ್, ಐ3-6006ಯು ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಆಗೋಕೆ ಹತ್ತು ನಿಮಿಷ. ಅಂಗಡಿಯವರು "ಬೋರ್ಡ್ ವೀಕ್ ಆಗಿದೆ, ಹೊಸದು ನೋಡಿ" ಅಂದರು. ತೋಟದ ಲೆಕ್ಕ, ಪಹಣಿ ತೆಗೆಯೋದು, ಮಗಳ ಡಿಗ್ರಿ ಓದು, ಇಷ್ಟಕ್ಕೇ ಬಳಕೆ. ಜೊತೆಗೆ ಒಂದು ದಿನ ಸ್ಕ್ರೀನ್ ಕೆಂಪಾಗಿ ಸೈರನ್ ಕೂಗಿತು, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಪತ್ರಗಳು ಫೋನಿನಲ್ಲಿ ಓದೋಕೆ ಬರಲ್ಲ.

ಮೊದಲು ಬೋರ್ಡ್, ಅಂದರೆ ಮದರ್‌ಬೋರ್ಡ್ ವಿಷಯ. ಬೋರ್ಡ್ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಲ್ಲ, ಇಲ್ಲಾ ಸುಮ್ನೆ ಆಫ್ ಆಗುತ್ತೆ. ಹತ್ತು ನಿಮಿಷ ತಗೊಂಡು ಆಮೇಲೆ ಸರಿಯಾಗಿ ನಡೆಯುವ ಮಷೀನಿನ ರೋಗ ಬೋರ್ಡಿನಲ್ಲಿ ಇರೋದು ಕಡಿಮೆ. ನೀವೇ ನೋಡಬಹುದು. ಲ್ಯಾಪ್‌ಟಾಪ್ ಆನ್ ಮಾಡಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಚಿಕ್ಕದಾಗಿ ಬಂದರೆ ಕೆಳಗಿನ ಮೋರ್ ಡೀಟೇಲ್ಸ್ ಒತ್ತಿ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಸಾಲು ಇರುತ್ತೆ. ಐದು ನಿಮಿಷ ಏನೂ ಮುಟ್ಟದೆ ನೋಡಿ. ಡಿಸ್ಕ್ ಜಾಗದಲ್ಲಿ 100% ಅಂತ ನಿಂತಿದ್ದು ಸಿಪಿಯು 10, 15ರಲ್ಲಿ ಆಡುತ್ತಿದ್ದರೆ ರೋಗ ಹಾರ್ಡ್ ಡಿಸ್ಕಿನದು. ಮೆಮೊರಿ 90ರ ಮೇಲೆ ಇದ್ದರೆ ರ್‍ಯಾಮ್ ಸಾಲದು. ಸಿಪಿಯುವೇ 100ಕ್ಕೆ ಅಂಟಿಕೊಂಡು ಫ್ಯಾನ್ ಕಿರುಚುತ್ತಿದ್ದರೆ ಧೂಳು ತುಂಬಿದೆ, ಇಲ್ಲಾ ಏನೋ ಬೇಡದ್ದು ಒಳಗೆ ಓಡುತ್ತಿದೆ. ನಿಮ್ಮದು ಮೊದಲನೆಯದು ಅಂತ ನನ್ನ ಅಂದಾಜು.

ಯಾಕೆ ಅಂದರೆ, ಆ ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತೆ. ಲ್ಯಾಪ್‌ಟಾಪಿನವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಒಂದು ಮುಳ್ಳು ಓಡಾಡಿ ಓದಬೇಕು. ಒಂದೇ ದೊಡ್ಡ ಸಿನಿಮಾ ಫೈಲ್ ಆದರೆ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತೆ, ತೊಂದರೆ ಇಲ್ಲ. ಆದರೆ ವಿಂಡೋಸ್ ಏಳುವಾಗ ಸಾವಿರಾರು ಚಿಲ್ಲರೆ ಫೈಲ್ ಕೇಳುತ್ತೆ, ಒಂದು ಈ ಮೂಲೆಯಲ್ಲಿ, ಒಂದು ಆ ಮೂಲೆಯಲ್ಲಿ. ಮುಳ್ಳು ಓಡಾಡಿಯೇ ಸುಸ್ತು. ಇದರ ಬದಲು ಹಾಕೋದು ಎಸ್‌ಎಸ್‌ಡಿ, ಅಂದರೆ ಚಿಪ್ಪಿನಲ್ಲೇ ಫೈಲ್ ಇಡುವ ಡಿಸ್ಕ್. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ. ಸಾಧಾರಣ ಸಾಟಾ (ಹಳೇ ಹಾರ್ಡ್ ಡಿಸ್ಕಿನ ಕನೆಕ್ಟರಿಗೇ ಕೂರುವ) ಎಸ್‌ಎಸ್‌ಡಿಯೇ ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತೆ. ಚಿಲ್ಲರೆ ಫೈಲುಗಳಲ್ಲಂತೂ ವ್ಯತ್ಯಾಸ ಹತ್ತಾರು ಪಟ್ಟು. ನಾನು ಬದಲಿಸಿದ ಇಂಥ ಮಷೀನುಗಳು ಹತ್ತು ನಿಮಿಷದಿಂದ ಅರ್ಧ ನಿಮಿಷಕ್ಕೆ ಇಳಿದಿವೆ.

ನಿಮಗೆ ಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಅಂಗಡಿಯಲ್ಲಿ ಇದೇ ಮಾತು ಹೇಳಿ. ಸುಮ್ನೆ "ಎಸ್‌ಎಸ್‌ಡಿ ಕೊಡಿ" ಅಂದರೆ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಕೊಟ್ಟಾರು. ಆ ಜಾಗ ನಿಮ್ಮ ಮಾಡೆಲ್‌ನಲ್ಲಿ ಇಲ್ಲದೆ ಇರಬಹುದು. 256 ಜಿಬಿ ಸಾಕು, ಕೈಗೆಟುಕಿದರೆ 512. ಹೆಸರು ಕೇಳಿದ ಕಂಪನಿಯದ್ದು, ಕನಿಷ್ಠ ಮೂರು ವರ್ಷ ವಾರಂಟಿ ಇರೋದು, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು ತಗೊಳ್ಳಿ. ಆನ್‌ಲೈನಿನಲ್ಲಿ ಚಿಲ್ಲರೆ ಕಾಸಿಗೆ "2 ಟಿಬಿ" ಅಂತ ಬರುವ ಡ್ರೈವ್ ಕಡೆ ತಿರುಗಿಯೂ ನೋಡಬೇಡಿ. ತೋರಿಸೋದು ಎರಡು ಟಿಬಿ, ಒಳಗೆ ಇರೋದು ಸಣ್ಣ ಮೆಮೊರಿ ಕಾರ್ಡ್. ಒಂದಷ್ಟು ತುಂಬಿದ ಮೇಲೆ ಹಾಕಿದ್ದೆಲ್ಲಾ ಕೆಡುತ್ತೆ.

ಹಳೇ ಹಾರ್ಡ್ ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಎಲ್ಲಾ ಇರುತ್ತೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು ಅದೇ ಜಾಗಕ್ಕೆ ಹಳೇ ಡಿಸ್ಕ್ ಕೂರಿಸುವ ಕ್ಯಾಡಿ ಸಿಗುತ್ತೆ. 9.5 ಮಿಲಿಮೀಟರ್ ಮತ್ತು 12.7 ಮಿಲಿಮೀಟರ್ ಅಂತ ಎರಡು ದಪ್ಪ ಬರುತ್ತೆ, ಅಳೆದು ತಗೊಳ್ಳಿ. ಆದರೆ ಅದಕ್ಕೂ ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಣ್ಣದಲ್ಲಿ ಗುಡ್ ಅಂದರೆ ಮುಂದುವರಿಯಿರಿ. ಹಳದಿ ಬಂದರೆ ಮಿಕ್ಕ ಕೆಲಸ ಬಿಟ್ಟು ಅವತ್ತೇ ಫೋಟೋ, ಲೆಕ್ಕ ಬೇರೆ ಕಡೆ ಕಾಪಿ ಮಾಡಿ.

ಇಲ್ಲಿ ನನ್ನದೇ ಪೆದ್ದುತನ ಒಂದು ಹೇಳಬೇಕು. ಹಳೇ ಡಿಸ್ಕಿನಿಂದ ಹೊಸದಕ್ಕೆ ಇದ್ದಂಗೆ ಇಳಿಸೋದಕ್ಕೆ ಕ್ಲೋನ್ ಅಂತಾರೆ. ಕ್ಲೋನ್‌ಜಿಲ್ಲಾ ಅಂತ ಉಚಿತ ಸಾಫ್ಟ್‌ವೇರ್ ಇದೆ, ಆದರೆ ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾದರೆ ಅದು ಸುಮ್ನೆ ನೇರವಾಗಿ ಇಳಿಸಲ್ಲ. ನನ್ನ ಸ್ವಂತ ಮಷೀನಿಗೆ ರಾತ್ರಿ ಹನ್ನೊಂದಕ್ಕೆ, ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ದಿನ, ಕಣ್ಣು ಎಳೆಯುತ್ತಿರುವಾಗ ಇದನ್ನು ಮಾಡೋಕೆ ಕೂತೆ. ಯಾವುದರಿಂದ, ಯಾವುದಕ್ಕೆ ಅಂತ ಕೇಳುತ್ತೆ. ಎರಡೂ ಅದಲು ಬದಲು ಮಾಡಿದೆ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಇಳಿಸಿದೆ. ಮೂರು ವರ್ಷದ ಗೂಡಿನ ಲೆಕ್ಕ, ಮಗನ ನಾಮಕರಣದ ಫೋಟೋ, ಎಲ್ಲಾ ಹೋಯಿತು. ಫೋಟೋ ಅತ್ತೆಯವರ ಫೋನಿನಲ್ಲಿ ಒಂದಷ್ಟು ಸಿಕ್ಕಿತು, ಲೆಕ್ಕ ಸಿಗಲಿಲ್ಲ. ಆರು ವರ್ಷ ಇದೇ ಕೆಲಸ ಮಾಡಿದವನ ಕಥೆ ಇದು. ಅದಕ್ಕೇ ಹೇಳುತ್ತಿದ್ದೇನೆ, ಕ್ಲೋನ್ ಮಾಡುವ ಮೊದಲು ಮುಖ್ಯವಾದ ಫೋಲ್ಡರ್ ಒಂದು ಪೆನ್‌ಡ್ರೈವಿಗೆ ಹಾಕಿ ಅದನ್ನು ಕಿತ್ತು ಬೀರುವಿನಲ್ಲಿ ಇಟ್ಟುಬಿಡಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಆಗಿದ್ದರೆ ಅದರ ರಿಕವರಿ ಕೀಯನ್ನೂ ಕಾಗದದಲ್ಲಿ ಬರೆದಿಡಿ, ಇಲ್ಲದಿದ್ದರೆ ಡಿಸ್ಕ್ ನಿಮ್ಮದೇ ಆದರೂ ಬಾಗಿಲು ತೆಗೆಯಲ್ಲ.

ರ್‍ಯಾಮ್. 4 ಜಿಬಿ ಈಗ ಬ್ರೌಸರ್ ಒಂದಕ್ಕೇ ಸಾಲಲ್ಲ. ಇನ್ನೊಂದು 4 ಹಾಕಿ 8 ಮಾಡಿದರೆ ಮಗಳ ಕೆಲಸಕ್ಕೆ ಸಾಕು. ನಿಮ್ಮ ಪ್ರೊಸೆಸರಿಗೆ ಡಿಡಿಆರ್4 ಬಗೆಯ ರ್‍ಯಾಮ್ ಬರುತ್ತೆ, ಡಿಡಿಆರ್3ಎಲ್ ಕೂಡ ಬರುತ್ತೆ. ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ಒತ್ತಿ. ಸ್ಪೀಡ್ 2133 ಅಂತ ಇದ್ದರೆ ಡಿಡಿಆರ್4, 1600 ಅಂತ ಇದ್ದರೆ ಡಿಡಿಆರ್3ಎಲ್. ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಅನ್ನೋದೂ ಅಲ್ಲೇ ಇರುತ್ತೆ. 2025ರ ಕೊನೆಯಿಂದ ಹೊಸ ರ್‍ಯಾಮ್ ಬೆಲೆ ಚೆನ್ನಾಗಿ ಏರಿದೆ. ಹಾಗಾಗಿ ಇದಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡರೂ ತಪ್ಪಿಲ್ಲ, ಒಂದು ವಾರ ವಾಪಸ್ ಮಾಡುವ ಮಾತು ಇದ್ದರೆ ಆಯಿತು. ಎಸ್‌ಎಸ್‌ಡಿ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ದುಡ್ಡು ಒಂದಕ್ಕೇ ಇದ್ದರೆ ಮೊದಲು ಎಸ್‌ಎಸ್‌ಡಿ, ರ್‍ಯಾಮ್ ಮಾವಿನ ಫಸಲು ಬಂದ ಮೇಲೆ ಆಗಲಿ.

ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಕೆ.ಆರ್. ಮಾರ್ಕೆಟ್ಟಿಗೆ ಹತ್ತಿರ. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಮೂರು ಅಂಗಡಿ ಕೇಳದೆ ಕೈಗೆ ತಗೋಬೇಡಿ.

ವಿಂಡೋಸ್ 10 ಮುಗೀತು ಅನ್ನೋದು ನಿಜ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಅಂದರೆ ಅವತ್ತು ರಾತ್ರಿ ಮಷೀನ್ ಸತ್ತುಹೋಗುತ್ತೆ ಅಂತಲ್ಲ. ಹೊಸ ಕಳ್ಳಗಂಡಿ ಕಂಡರೆ ಮುಚ್ಚೋಕೆ ಯಾರೂ ಬರಲ್ಲ, ಅಷ್ಟೇ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ಪೀಳಿಗೆ ಇಲ್ಲಾ ಅದರ ಮೇಲಿನದು ಇರಬೇಕು. ನಿಮ್ಮದು ಐ3 ಆದ ಮೇಲೆ 6ರಿಂದ ಶುರುವಾಗುತ್ತೆ, 6ನೇ ಪೀಳಿಗೆ. ಹಿಂಬಾಗಿಲಿಂದ ಹಾಕಿಕೊಡುವವರು ಇದ್ದಾರೆ. ನಾನು ಹಾಕಿಕೊಡಲ್ಲ, ಯಾವ ಅಪ್‌ಡೇಟಿಗೆ ಕೈಕೊಡುತ್ತೋ ಹೇಳೋಕಾಗಲ್ಲ.

ಆಮೇಲೆ ಏನು ಅಂದರೆ ಲಿನಕ್ಸ್ ಮಿಂಟ್, ವಿಂಡೋಸ್ ಜಾಗಕ್ಕೆ ಹಾಕುವ ಬೇರೆ ಸಿಸ್ಟಮ್. ಉಚಿತ, ನಿಮ್ಮ ಮಷೀನಿಗೆ ಹಗುರ. ಪಹಣಿ, ಬ್ಯಾಂಕು, ಯೂಟ್ಯೂಬ್ ಎಲ್ಲಾ ಬ್ರೌಸರಿನಲ್ಲೇ ನಡೆಯುತ್ತೆ. ಲೆಕ್ಕಕ್ಕೆ ಲಿಬ್ರೆ ಆಫೀಸ್ ಇದೆ. ಕೆಜಿಪಿ ಕೀಲಿಮಣೆಯೂ ಇದೆ, ಅಂದರೆ ನುಡಿಯಲ್ಲಿ ಕೂತ ಕೈಗೆ ಅದೇ ಜಾಗದಲ್ಲಿ ಅಕ್ಷರ ಸಿಗುತ್ತೆ. ಮಗಳ ಕಾಲೇಜಿನಲ್ಲಿ ವಿಂಡೋಸಿನ ಸಾಫ್ಟ್‌ವೇರೇ ಬೇಕು ಅಂದರೆ ಮಾತ್ರ ಬೇರೆ ಯೋಚನೆ ಮಾಡಿ. ಆಗಲೂ ಅಂಗಡಿಯ ತೀರಾ ಅಗ್ಗದ ಹೊಸದಕ್ಕಿಂತ, ಕಂಪನಿಗಳು ಬಳಸಿ ಬಿಟ್ಟ 8ನೇ ಪೀಳಿಗೆ ಮೇಲ್ಪಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗಳು ಗಟ್ಟಿ.

ಅಪ್‌ಡೇಟ್ ಆಗುವಾಗ ಮಧ್ಯೆ ಬಟನ್ ಒತ್ತಿ ಆಫ್ ಮಾಡಬೇಡಿ, ದಯವಿಟ್ಟು. ರೇಷ್ಮೆ ಹಿಡಿಯುವವರಿಗೆ ಹೇಳಬೇಕಿಲ್ಲ: ಹುಳು ಜ್ವರಕ್ಕೆ ಕೂತಾಗ ಸತ್ತಂಗೆ ಕಾಣುತ್ತೆ, ಮುಟ್ಟಿದರೆ ಕೆಡುತ್ತೆ. ನಿಮ್ಮ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗುವ ಹೊತ್ತಿನಲ್ಲಿ ಅಪ್‌ಡೇಟ್ ಶುರು ಮಾಡಲೇಬೇಡಿ.

ಕರೆಂಟ್ ಅಂದಾಗ ನೆನಪಾಯಿತು. ಚಾರ್ಜ್ ಆಗುವಾಗ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ ಅಂತ ಕಮೆಂಟಿನಲ್ಲಿ ಒಬ್ಬರು ಬರೆದಿದ್ದಾರಲ್ಲಾ, ಅವರ ಮನೆಯ ಅರ್ಥ್ ಮೊದಲು ನೋಡಿಸಲಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿರುತ್ತೆ, ನೀರು ಹಾಕಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಬಳಸೋದನ್ನು ಇವತ್ತೇ ಬಿಡಲಿ. ಹಾಗೇ, ಕರೆಂಟ್ ಬಂದ ತಕ್ಷಣ ಊರಿನ ಮೋಟರ್‌ಗಳೆಲ್ಲಾ ಒಟ್ಟಿಗೆ ಏಳುತ್ತವೆ, ವೋಲ್ಟೇಜ್ ಕುಣಿಯುತ್ತೆ. ಎರಡು ನಿಮಿಷ ಬಿಟ್ಟು ಚಾರ್ಜರ್ ಹಾಕಿ.

ಕೆಂಪು ಸ್ಕ್ರೀನ್, ಸೈರನ್, "ಈ ನಂಬರಿಗೆ ಫೋನ್ ಮಾಡಿ" ಅಂತ ಬಂದದ್ದು ವೈರಸ್ಸೇ ಅಲ್ಲ. ಅದೊಂದು ವೆಬ್ ಪುಟ, ಹೆದರಿಸೋಕೆ. ಟಾಸ್ಕ್ ಮ್ಯಾನೇಜರಿಗೆ ಹೋಗಿ ಬ್ರೌಸರ್ ಮುಚ್ಚಿ, ಮತ್ತೆ ತೆರೆದಾಗ ಹಳೇ ಪುಟ ವಾಪಸ್ ತರಲೇ ಅಂದರೆ ಬೇಡ ಅನ್ನಿ. ಫೋನ್ ಮಾಡಿದರೆ ಎನಿಡೆಸ್ಕ್ ಹಾಕಿಸಿ ನಿಮ್ಮ ಸ್ಕ್ರೀನ್ ಅವರ ಕೈಗೆ ತಗೊಳ್ಳುತ್ತಾರೆ. ಯಾರಾದರೂ ಈಗಾಗಲೇ ದುಡ್ಡು ಕಳಕೊಂಡಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಕೈ ದಾಟುತ್ತೆ. ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವಂಥದ್ದು) ಕೂಡ ಇದೇ ಜಾತಿ. ಒತ್ತಬೇಡಿ, ಗುಂಪಿಗೂ ತಂದು ಹಾಕಬೇಡಿ.

ನುಡಿ ಪತ್ರ: ಅವು ಯೂನಿಕೋಡ್ (ಎಲ್ಲಾ ಫೋನು, ಕಂಪ್ಯೂಟರಿನಲ್ಲೂ ಓದೋಕೆ ಬರುವ ಅಕ್ಷರ ವ್ಯವಸ್ಥೆ) ಬರುವ ಮೊದಲಿನ ರೀತಿಯ ಫಾಂಟಿನವು. ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರ ಕಲಸಿದಂಗೆ ಕಾಣುತ್ತೆ. ಪತ್ರ ಕೆಟ್ಟಿಲ್ಲ. ನುಡಿಯಲ್ಲೇ ಪರಿವರ್ತಕ ಇದೆ, ಅದರಲ್ಲಿ ಯೂನಿಕೋಡ್‌ಗೆ ಬದಲಿಸಿ. ಸುಮ್ನೆ ಕಳಿಸೋಕೆ ಮಾತ್ರ ಆದರೆ ಪಿಡಿಎಫ್ ಮಾಡಿ.

ಇನ್ನೊಂದು ಚಿಕ್ಕದು, ಡೆಸ್ಕ್‌ಟಾಪ್ ಇರುವವರಿಗೆ. ಎಲ್ಲಾ ವೆಬ್‌ಸೈಟೂ "ಸುರಕ್ಷಿತವಲ್ಲ" ಅಂತ ಬಾಗಿಲು ಹಾಕಿಕೊಂಡರೆ ಮೊದಲು ಮೂಲೆಯ ಗಡಿಯಾರ ನೋಡಿ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ಗುಂಡು ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತೆ. ಕಳೆದ ತಿಂಗಳು ಒಬ್ಬರು ಇದೇ ಕಾರಣಕ್ಕೆ ಎರಡು ಸಲ ಫಾರ್ಮ್ಯಾಟ್ ಹೊಡೆಸಿ ಬಂದಿದ್ದರು. ಹಾಗೇ ಹುಳು ಮನೆ ಪಕ್ಕದ ರೂಮಿನಲ್ಲಿ ಕಂಪ್ಯೂಟರ್ ಇಟ್ಟವರು ಸುಣ್ಣ, ಬ್ಲೀಚಿಂಗ್ ಪುಡಿ ಎರಚುವ ದಿನ ಅದನ್ನು ಆಫ್ ಮಾಡಿ ಬಟ್ಟೆ ಮುಚ್ಚಿ. ಫ್ಯಾನ್ ಅದನ್ನೆಲ್ಲಾ ಒಳಗೆ ಎಳೆದುಕೊಳ್ಳುತ್ತೆ, ರ್‍ಯಾಮ್ ಹಲ್ಲುಗಳು ಕಪ್ಪಾಗುತ್ತವೆ. ಹಾಗೆ ಆಗಿದ್ದರೆ ಪವರ್ ತೆಗೆದು, ರ್‍ಯಾಮ್ ಬಿಚ್ಚಿ, ಮಕ್ಕಳ ಪೆನ್ಸಿಲ್ ರಬ್ಬರಿನಲ್ಲಿ ಹಗುರವಾಗಿ ಉಜ್ಜಿ ಕೂರಿಸಿ. ಎಷ್ಟೋ "ಸತ್ತ" ಮಷೀನು ಇಷ್ಟಕ್ಕೇ ಎದ್ದಿವೆ.

ಅಣ್ಣಾ, ನೀವು ಈಗ ಮಾಡಬೇಕಾದ್ದು ಎರಡು ಫೋಟೋ. ಒಂದು ಟಾಸ್ಕ್ ಮ್ಯಾನೇಜರಿನದು, ಆನ್ ಮಾಡಿ ಐದು ನಿಮಿಷ ಆದ ಮೇಲೆ. ಇನ್ನೊಂದು ಲ್ಯಾಪ್‌ಟಾಪಿನ ತಳದಲ್ಲಿರುವ ಮಾಡೆಲ್ ಚೀಟಿಯದು, ಸೀರಿಯಲ್ ನಂಬರ್ ಮೇಲೆ ಬೆರಳಿಟ್ಟು ತೆಗೀರಿ. ಇಲ್ಲೇ ಹಾಕಿ, ಯಾವ ಎಸ್‌ಎಸ್‌ಡಿ, ಯಾವ ರ್‍ಯಾಮ್ ಅಂತ ಬರೆದುಕೊಡುತ್ತೇನೆ. ನನ್ನ ಹುಳು ನಾಳಿದ್ದು ಹಣ್ಣಾಗುತ್ತವೆ, ಗೂಡು ಕಟ್ಟೋಕೆ ಚಂದ್ರಿಕೆಗೆ ಹಾಕುವ ಎರಡು ದಿನ ಫೋನ್ ನೋಡೋಕಾಗಲ್ಲ. ಅಷ್ಟರೊಳಗೆ ಹಾಕಿದರೆ ಒಳ್ಳೇದು.