ಚೀಟಿಯಲ್ಲಿದ್ದ ಮಾತು ಯಾರದು?

ರಜೆಗೆ ಬಂದ ಯೋಧ ಊರಿನ ಹೋರಾಟದ ವೇದಿಕೆ ಹತ್ತಬಹುದೇ? ಕಬ್ಬಿನ ಹಂಗಾಮು ಬಂತೆಂದರೆ ಬೆಳಗಾವಿಯಲ್ಲಿ ಈ ಪ್ರಶ್ನೆ ಆಪ್ತಸಲಹೆಗೆ ಬರುತ್ತದೆ. ಅಂಥದ್ದೊಂದು ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಗೋಕಾಕ ಕಡೆಯ ಹವಾಲ್ದಾರ. ಅಪ್ಪನ ಕಬ್ಬಿನ ಬಿಲ್ಲು ಎರಡು ತಿಂಗಳಾದರೂ ಬಂದಿರಲಿಲ್ಲ. ಸರ್ಕಾರದ ಕಬ್ಬಿನ ನೀತಿಯನ್ನು ಬೈದು, ಸಮವಸ್ತ್ರದಲ್ಲೇ ವಿಡಿಯೊ ಮಾಡಿಟ್ಟುಕೊಂಡಿದ್ದರು. ಇನ್ನೂ ಯಾರಿಗೂ ಕಳಿಸಿರಲಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಮನೆಮಂದಿ ಮೇಲೆ ಸಿಟ್ಟು. ಹೆಂಡತಿಯೇ ಕರೆತಂದಿದ್ದರು.

ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. 1950ರ ಸೇನಾ ಕಾಯ್ದೆಯ 21ನೇ ಕಲಂ ಬಂದದ್ದು ಅದರಿಂದ. ಆ ಕಾಯ್ದೆಯಡಿ ಬಂದ 1954ರ ಸೇನಾ ನಿಯಮಗಳಲ್ಲಿ 20ನೆಯದು ರಾಜಕೀಯ ಸಭೆಗೆ ಹೋಗುವುದನ್ನೂ, 21ನೆಯದು ಅನುಮತಿಯಿಲ್ಲದೆ ರಾಜಕೀಯ ವಿಷಯ ಪ್ರಕಟಿಸುವುದನ್ನೂ ತಡೆಯುತ್ತದೆ. ರಜೆಯಲ್ಲಿದ್ದರೂ ಇವು ಬಿಡುವುದಿಲ್ಲ.

ಎರಡನೇ ಭೇಟಿಗೆ ಹವಾಲ್ದಾರರು ಚೀಟಿ ಬರೆದು ತಂದಿದ್ದರು. "ನಾ ಮಾತಾಡೂದಿಲ್ಲ ಬಿಡ್ರಿ. ಇದನ್ನ ವೇದಿಕೆ ಮ್ಯಾಲ ಇಕಿ ಓದ್ತಾಳ" ಎಂದರು. 21ನೇ ನಿಯಮ ಪತ್ರಿಕೆಗೆ ಪರೋಕ್ಷವಾಗಿ ತಿಳಿಸುವುದನ್ನೂ ಬಿಟ್ಟಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಹೆಂಡತಿ ಚೀಟಿ ಎತ್ತಿಕೊಂಡರು. 'ಒಬ್ಬ ಯೋಧನ ಮಡದಿಯಾಗಿ' ಎಂಬ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ಇದರಾಗ ನಂದೊಂದು ಮಾತೂ ಇಲ್ಲರೀ ಮೇಡಂ. ಬಿಲ್ಲು ಬರಲಿಲ್ಲಂತ ಕೈಗಡ ತಂದು ಸಂಘದ ಕಂತು ಕಟ್ಟಿದಾಕಿ ನಾನು. ಹೇಳೂದಿದ್ರ ಅದನ್ನ ಹೇಳ್ತೀನಿ."

ಹವಾಲ್ದಾರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನ್ ತೆಗೆದು ವಿಡಿಯೊ ಅಳಿಸಿದರು.

ರೈತನ ಮಗನ ಬಾಯಿ ಕಟ್ಟಿದಿರಿ ಎಂದು ಪರಿಚಿತರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ಒಪ್ಪುವುದಿಲ್ಲ. ಕೈಯಲ್ಲಿ ಬಂದೂಕಿರುವವರು ಸಮವಸ್ತ್ರ ತೊಟ್ಟು ಒಂದು ಪಕ್ಷ ಹಿಡಿದರೆ, ಎದುರಿಗೆ ನಿಂತ ರೈತನಿಗೂ ನಾಳೆ ಆ ಬಂದೂಕಿನ ಭಯ. ಹಾಗೆಂದು ಯೋಧ ನಾಗರಿಕನೇ ಅಲ್ಲವೆಂದಲ್ಲ. ಅವರಿಗೆ ಮತವಿದೆ, ಅಂಚೆ ಮತಪತ್ರವಿದೆ. ನೌಕರಿಯ ಅನ್ಯಾಯಕ್ಕೆ ಅದೇ ಕಾಯ್ದೆಯ 26ನೇ ಕಲಂ ಪ್ರಕಾರ ಮೇಲಧಿಕಾರಿಗೆ ದೂರು ಕೊಡುವ ಹಕ್ಕಿದೆ.

ಕಬ್ಬಿನ ಬಾಕಿಗೆ ದಾರಿ ಬೇರೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಅರ್ಜಿ ಅಪ್ಪನ ಹೆಸರಿನಲ್ಲೇ ಜಿಲ್ಲಾಧಿಕಾರಿಗೆ ಹೋಗಲಿ. ಪ್ರತಿ ಲೋಡಿನ ತೂಕದ ಚೀಟಿಯ ನಕಲು, ಸಾಗಿಸಿದ ತಾರೀಖು, ಟನ್ನು, ಬಂದ ಹಣ, ಬರಬೇಕಾದ ಹಣ ಸಾಲಾಗಿ ಬರೆಯಲಿ ಎಂದೆ. ಹವಾಲ್ದಾರರು ತಮ್ಮ ಮನೆಯ ಕಷ್ಟವನ್ನು ಕಮಾಂಡಿಂಗ್ ಆಫೀಸರ್‌ಗೆ ತಿಳಿಸಿದರೆ, ಅವರು ಜಿಲ್ಲಾಡಳಿತಕ್ಕೆ ಪತ್ರ ಬರೆಯಬಹುದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಬಹುದು.

ಹೆಂಡತಿಗೆ ಸೇನಾ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಗಂಡನ ಫೋಟೊ, ದರ್ಜೆ, ಪಲ್ಟನ್ ಹೆಸರು ಎಲ್ಲಿಯೂ ಬರಬಾರದು ಎಂದೆ. ಬಂದರೆ ಮರುದಿನ ಸುದ್ದಿಯ ತಲೆಬರಹದಲ್ಲಿ 'ಯೋಧನ ಆಕ್ರೋಶ' ಎಂದಿರುತ್ತದೆ, ವಿಚಾರಣೆ ಎದುರಿಸುವವರು ಅವರು.

ಆಕೆ ಆ ಚೀಟಿಯನ್ನು ಹರಿದು, ಚೀಲದಿಂದ ಸಂಘದ ಪಾಸ್‌ಬುಕ್ ತೆಗೆದು, ಕಂತು ತಪ್ಪಿದ ತಾರೀಖುಗಳನ್ನು ಓದತೊಡಗಿದರು.