ಅಂಕಿ ಸರಿಯಿದ್ದೂ ರೋಗಿ ಸರಿಯಿಲ್ಲವೆನಿಸಿದಾಗ

ಪ್ರಶ್ನೆ: ನಾನು ಶಸ್ತ್ರಚಿಕಿತ್ಸಾ ವಾರ್ಡಿಗೆ ಹೊಸದಾಗಿ ಸೇರಿದ ಶುಶ್ರೂಷಕಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನ ನಡುವಯಸ್ಸಿನ ರೋಗಿಯೊಬ್ಬರ ನಾಡಿಬಡಿತ ಬೆಳಿಗ್ಗೆ 84, ಮಧ್ಯಾಹ್ನ 96, ಸಂಜೆ 108 ಇತ್ತು. ರಕ್ತದೊತ್ತಡ 124/78ರಿಂದ 118/84ಕ್ಕೆ ಬಂದಿತ್ತು, ಉಸಿರಾಟ ನಿಮಿಷಕ್ಕೆ 16ರಿಂದ 22ಕ್ಕೆ ಏರಿತ್ತು. ಜ್ವರವಿರಲಿಲ್ಲ, ಹೊರಗಿನಿಂದ ಆಮ್ಲಜನಕ ಕೊಡದೆಯೇ ಆಕ್ಸಿಮೀಟರ್ ಶೇ. 97 ತೋರಿಸುತ್ತಿತ್ತು. ಬೆಳಿಗ್ಗೆ ಶಾಂತವಾಗಿದ್ದವರು ಸಂಜೆ ಹೊದಿಕೆ ಎಳೆದಾಡುತ್ತಿದ್ದರು. ನಾಡಿ, ಉಸಿರಾಟ ಮುಂತಾದವುಗಳಿಗೆ ಅಂಕ ಕೊಟ್ಟು ಕೂಡಿಸುವ ಎಚ್ಚರಿಕೆಯ ಅಂಕ ಬಂದದ್ದು 3 ಮಾತ್ರ. ಇಂಥ ಸಂದರ್ಭದಲ್ಲಿ ವೈದ್ಯರನ್ನು ಕರೆಯಬೇಕೇ, ಕಾಯಬೇಕೇ?

ಉತ್ತರ: ಕರೆಯಬೇಕು. ನೀವು ಬಳಸಿರುವುದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜೀಷಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಎಚ್ಚರಿಕೆಯ ಅಂಕಪಟ್ಟಿಯೆಂದು ತೋರುತ್ತದೆ. ಅದರ ಪ್ರಕಾರ ನಾಡಿ 108ಕ್ಕೆ 1, ಉಸಿರಾಟ 22ಕ್ಕೆ 2, ಒಟ್ಟು 3; ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದೇ ಪಟ್ಟಿಯಲ್ಲಿ, ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೆ ಒಂದೇ ಏಟಿಗೆ 3 ಅಂಕವಿದೆ. ಹೊದಿಕೆ ಎಳೆದಾಡುವುದನ್ನು ನೀವು ನೋವಿನ ಚಡಪಡಿಕೆಯೆಂದು ಬಗೆದರೆ ಮೊತ್ತ 3. ಮನಸ್ಸಿನ ಸ್ಥಿತಿಯೇ ಬದಲಾಗಿದೆಯೆಂದು ಬಗೆದರೆ ಮೊತ್ತ 6, ಅಂದರೆ ತುರ್ತಾಗಿ ವೈದ್ಯರು ಬಂದು ನೋಡಬೇಕಾದ 5ರ ಗಡಿಯನ್ನು ದಾಟಿದ ಹಾಗೆ. ಯಂತ್ರ ಈ ತೀರ್ಮಾನವನ್ನು ಮಾಡಲಾರದು. ದಿನ ಯಾವುದು, ತಾವಿರುವುದೆಲ್ಲಿ ಎಂದು ಕೇಳಿ, ಬೆಳಗಿನ ಪಾಳಿಯವರನ್ನೂ ಮನೆಯವರನ್ನೂ ವಿಚಾರಿಸಿ, ನೀವೇ ಅದನ್ನು ಮಾಡಬೇಕು.

ಇನ್ನೊಂದು ಮಾತು. ರಕ್ತದೊತ್ತಡದ ಮೇಲಿನ ಅಂಕಿಯನ್ನಷ್ಟೇ ನೋಡಿದರೆ 118 ಎನ್ನುವುದು ನೆಮ್ಮದಿಯ ಸಂಖ್ಯೆಯೇ. ಆದರೆ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ ಬೆಳಿಗ್ಗೆ 46 ಇದ್ದದ್ದು ಸಂಜೆ 34 ಆಗಿದೆ, ಜೊತೆಗೆ ನಾಡಿ ಒಂದೇ ದಿಕ್ಕಿನಲ್ಲಿ ಏರುತ್ತಿದೆ. ಒಳಗೆ ರಕ್ತ ಸೋರುವಾಗ ರಕ್ತನಾಳಗಳು ಬಿಗಿದುಕೊಂಡು ಒತ್ತಡವನ್ನು ಕೆಲಕಾಲ ಹಿಡಿದಿಡುತ್ತವೆ. ಒತ್ತಡ ಕುಸಿಯುವುದು ಕೊನೆಗೆ. ಆ ಕುಸಿತಕ್ಕಾಗಿ ಕಾಯುವುದನ್ನು ಎಚ್ಚರಿಕೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ರಕ್ತಸ್ರಾವವೇ ಎಂದು ನಾನು ಹೇಳುತ್ತಿಲ್ಲ. ನೋವು, ಸೋಂಕು, ಕಟ್ಟಿಕೊಂಡ ಮೂತ್ರ, ಶ್ವಾಸಕೋಶಕ್ಕೆ ಹೋದ ಹೆಪ್ಪು ಇವೂ ಇಂಥದೇ ಚಿತ್ರವನ್ನು ಕೊಡಬಲ್ಲವು. ಆದ್ದರಿಂದ ಹೊಟ್ಟೆ ಬಿಗಿದಿದೆಯೇ, ಗಾಯದ ಪಟ್ಟಿ ಒದ್ದೆಯಾಗಿದೆಯೇ, ಡ್ರೇನ್‌ನಲ್ಲಿ (ಒಳಗಿನ ದ್ರವವನ್ನು ಹೊರಹರಿಸುವ ಕೊಳವೆಯಲ್ಲಿ) ಏನು ಬರುತ್ತಿದೆ, ಕೈಕಾಲು ತಣ್ಣಗಿವೆಯೇ, ಮೂತ್ರ ಗಂಟೆಗೆ ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಲೀಟರಿಗಿಂತ ಕಡಿಮೆಯಾಗಿದೆಯೇ ಎಂಬುದನ್ನು ನೋಡಿಕೊಂಡು ಕರೆ ಮಾಡಿ. ಆದರೆ ಇದೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಲಿ. ರೋಗಿ ಹೃದಯಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ ನಾಡಿ ಇಷ್ಟೂ ಏರದೆ ಮೋಸ ಮಾಡಬಹುದು. ಔಷಧಿ ಪಟ್ಟಿಯನ್ನೂ ತಪ್ಪದೆ ಗಮನಿಸಿ.

ಫೋನಿನಲ್ಲಿ "ಯಾಕೋ ಸರಿ ಕಾಣುತ್ತಿಲ್ಲ" ಎಂದು ನಿಲ್ಲಿಸಬೇಡಿ. ಯಾರು, ಯಾವ ಶಸ್ತ್ರಚಿಕಿತ್ಸೆ, ಬೆಳಗಿನಿಂದ ಸಂಜೆಗೆ ಏನು ಬದಲಾಗಿದೆ, ನಿಮ್ಮ ಅನುಮಾನವೇನು, ಎಷ್ಟು ಹೊತ್ತಿನೊಳಗೆ ಬಂದು ನೋಡಬೇಕು ಎಂಬುದನ್ನು ಈ ಕ್ರಮದಲ್ಲೇ ಹೇಳಿ. ಅನಿಸಿಕೆ ನಂಬಲರ್ಹವೇ ಎಂಬ ಚರ್ಚೆಗೆ ಆಗ ಅವಕಾಶವೇ ಉಳಿಯುವುದಿಲ್ಲ.

ಪ್ರಶ್ನೆ: ಆಸ್ಪತ್ರೆಯಲ್ಲಿರುವ ನಮ್ಮ ತಂದೆಯವರ ಬೆರಳಿಗೆ ಆಕ್ಸಿಮೀಟರ್ ಹಾಕಿದ್ದರೂ ದಾದಿಯೊಬ್ಬರು ಅವರ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ತುಂಬ ಹೊತ್ತು ನಿಲ್ಲುತ್ತಾರೆ. ನಾಡಿಬಡಿತ ಪರದೆಯ ಮೇಲೇ ಕಾಣುವಾಗ ಇದು ಏಕೆ?

ಉತ್ತರ: ಬಹುಶಃ ಅವರು ಎಣಿಸುತ್ತಿರುವುದು ನಾಡಿಯನ್ನಲ್ಲ, ಉಸಿರನ್ನು. ತನ್ನ ಉಸಿರನ್ನು ಯಾರೋ ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿ ಅರಿವಿಲ್ಲದೆಯೇ ಅದರ ಗತಿಯನ್ನು ಬದಲಿಸಿಬಿಡುತ್ತಾನೆ. ಹಾಗಾಗಿ ನಾಡಿ ನೋಡುವ ನೆಪದಲ್ಲಿ ಎದೆಯ ಏರಿಳಿತವನ್ನು ಪೂರ್ತಿ 60 ಸೆಕೆಂಡು ಗಮನಿಸುವುದು ಹಳೆಯ ಮತ್ತು ಒಳ್ಳೆಯ ಪದ್ಧತಿ. ಆಕ್ಸಿಮೀಟರ್ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೇಳುತ್ತದೆಯೇ ಹೊರತು, ಅಷ್ಟನ್ನು ಉಳಿಸಿಕೊಳ್ಳಲು ದೇಹ ಎಷ್ಟು ಹೆಣಗುತ್ತಿದೆಯೆಂದು ಹೇಳುವುದಿಲ್ಲ. ವಯಸ್ಕರಲ್ಲಿ ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. ನಿಮ್ಮ ತಂದೆಯವರ ಪಟ್ಟಿಯಲ್ಲಿ ಪ್ರತಿ ಬಾರಿಯೂ ಒಂದೇ ಸಂಖ್ಯೆ ಬರೆದಿದ್ದರೆ, ಎಣಿಸದೆಯೇ ಬರೆದಿರಬಹುದೆಂದು ನಾನು ಚಿಂತಿಸುತ್ತಿದ್ದೆ. ನಿಂತು ಎಣಿಸುವವರಿದ್ದಾರೆಂದರೆ ಅವರ ಎದುರು ಆ ಒಂದು ನಿಮಿಷ ತಂದೆಯವರನ್ನು ಮಾತನಾಡಿಸದಿರಿ.