ಬ್ಯಾಂಜೊ ಒಂದೇ, ಬಾನಿ ಬೇರೆ
ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್‌ನಲ್ಲಿ ವಾರ್ತೆ ಓದುತ್ತಿದ್ದ ಪಾಲ್ ಬ್ರೌನ್ ಅವರ ಬ್ಯಾಂಜೊ (ಐದು ತಂತಿಯ ವಾದ್ಯ) ಅಲ್ಲಿನ ಬ್ಲೂಗ್ರಾಸ್ ಸಂಗೀತದ ತರ ಯಾಕೆ ಕೇಳಿಸಲ್ಲ ಅಂತ ಕೇಳಿದ್ದೀರಿ. ಅದು ಬ್ಲೂಗ್ರಾಸ್ ಅಲ್ಲ, ಅದಕ್ಕಿಂತ ಹಳೆಯ ಓಲ್ಡ್ ಟೈಮ್ ಅನ್ನೋ ಜನಪದ ಸಂಗೀತ.

ಬ್ಲೂಗ್ರಾಸ್‌ನಲ್ಲಿ ಸಾಮಾನ್ಯವಾಗಿ ಮೂರು ಬೆರಳಿಗೆ ಪಿಕ್ (ತಂತಿ ಮೀಟೋಕೆ ಬೆರಳಿಗೆ ಹಾಕುವ ಉಗುರಿನಂಥ ತುಂಡು) ಹಾಕಿ ಮೀಟುತ್ತಾರೆ. ಓಲ್ಡ್ ಟೈಮ್‌ನ ಕ್ಲಾಹ್ಯಾಮರ್ ಬಾನಿಯಲ್ಲಿ ಕೈ ಪಂಜದ ಹಾಗೆ ಮಡಚಿರುತ್ತೆ. ಉಗುರಿನ ಹಿಂಬದಿ ಮೇಲಿನಿಂದ ಕೆಳಗೆ ತಂತಿಗೆ ಬಡಿಯುತ್ತೆ. ತಕ್ಷಣ ಹೆಬ್ಬೆರಳು ಐದನೇ ಗಿಡ್ಡ ತಂತಿ ಮೀಟುತ್ತೆ. ಅದೇ ಸ್ವರ ಮತ್ತೆ ಮತ್ತೆ ಬರುತ್ತೆ ಅಲ್ವಾ, ನನಗೆ ಜಾಸ್ತಿ ಇಷ್ಟ ಅದೇ.

ಬ್ರೌನ್ ಕಲಿತದ್ದು ಉತ್ತರ ಕೆರೊಲಿನಾದ ಟಾಮಿ ಜ್ಯಾರೆಲ್ (1901–1985) ಅವರಂಥ ಹಿರಿಯರಿಂದ. ಅದೇ ರಾಜ್ಯದ ಮೌಂಟ್ ಏರಿ ಊರಿನ ಡಬ್ಲ್ಯುಪಿಎಕ್ಯು ರೇಡಿಯೊದಲ್ಲೂ ಕೆಲಸ ಮಾಡಿದ್ದರು. ಆ ಊರ ವಾದಕರಿಗೆ 1948ರಿಂದಲೂ ಮೈಕ್ ಕೊಟ್ಟ ನಿಲಯ ಅದು. ಮೊದಲು ಜ್ಯಾರೆಲ್ ಕೇಳಿ, ಆಮೇಲೆ ಬ್ರೌನ್.